ಸೀತಾಫಲ ತುಂಬಿದ ಕ್ರೇಪ್: ಹಂಚಿಗೆ ಅಂಟುತ್ತೆ, ಎಬ್ಬಿಸಿದರೆ ಹರಿಯುತ್ತೆ, ಮೇಲೆ ಕಹಿ ಬೇರೆ

ತೊಗರಿನಾಡು (ಕಲಬುರಗಿ)
ಮೂರು ಭಾನುವಾರದಿಂದ ಒದ್ದಾಡುತ್ತಿದ್ದೇನೆ. ಮಗಳು ಮೊಬೈಲಲ್ಲಿ ಹಣ್ಣು ತುಂಬಿದ ಕ್ರೇಪ್ ನೋಡಿ ಅದೇ ಬೇಕು ಅಂತ ಹಟ ಹಿಡಿದಿದ್ದಾಳೆ. ತೆಳ್ಳಗಿನ ಮೈದಾ ದೋಸೆ ತಾನೇ, ಅದರಲ್ಲೇನಿದೆ ಅಂದುಕೊಂಡೆ.

ಅರ್ಧ ಕಪ್ ಮೈದಾ, ಅರ್ಧ ಕಪ್ ಜೋಳದ ಹಿಟ್ಟು (ಮಗುವಿಗೆ ಬರೀ ಮೈದಾ ಬೇಡ ಅಂತ), ಒಂದು ಕಪ್ ಹಾಲು, ಮೂರು ಚಮಚ ಬೆಲ್ಲದ ಪುಡಿ. ಮಿಕ್ಸಿಯಲ್ಲಿ ಚೆನ್ನಾಗಿ ತಿರುವಿ ಹಾಗೇ ರೊಟ್ಟಿ ಹಂಚಿನ ಮೇಲೆ ಹುಯ್ದೆ. ಚುರ್ ಅಂತು, ಬಿದ್ದಲ್ಲೇ ಹಿಡಿಯಿತು. ಸೌಟಿನಿಂದ ಹರಡಲು ಹೋದರೆ ಸೌಟಿಗೇ ಸುತ್ತಿಕೊಂಡು ಬಂತು. ಅಂಚು ಕರಿ, ನಡುವೆ ಹಸಿ. ಹೇಗೋ ಎಬ್ಬಿಸಿದ ಎರಡು ಮಡಚುವಾಗ ಹರಿದವು.

ಒಳಗೆ ತುಂಬಲು ಸೀತಾಫಲದ ತಿರುಳನ್ನು ಬೆಲ್ಲದ ಜೊತೆ ಹತ್ತು ನಿಮಿಷ ಕುದಿಸಿ ಗಟ್ಟಿ ಮಾಡಿದೆ. ಕಹಿ! ಹಣ್ಣು ಚೆನ್ನಾಗಿತ್ತು, ಬುಟ್ಟಿಯವಳ ಹತ್ತಿರ ಒಂದು ಒಡೆಸಿ ತಿಂದು ನೋಡಿಯೇ ತಂದದ್ದು. ಮುಂದಿನ ವಾರ ಪಪ್ಪಾಯಿ, ಬಾಳೆಹಣ್ಣು ಹೆಚ್ಚಿ ಸಕ್ಕರೆ ಕಲಸಿಟ್ಟೆ. ಅದು ನೀರು ಬಿಟ್ಟು ತಟ್ಟೆಯೆಲ್ಲ ರಾಡಿ.

ಮನೆಯಲ್ಲಿ ಅತ್ತೆ ಇದ್ದಾರೆ, ಮೊಟ್ಟೆ ಹೊಸ್ತಿಲು ದಾಟಲ್ಲ. ಮೊಟ್ಟೆ ಹಾಕಿ ಅಂತ ಮಾತ್ರ ಹೇಳಬೇಡಿ.

ಯಾದಗಿರಿ ಹುಡುಗ
ಚಿಟಿಕೆ ಸೋಡಾ ಹಾಕಿ ನೋಡಿ ಅಕ್ಕಾ, ಮೆತ್ತಗಾಗುತ್ತೆ.

ಬೀದರ್ ಅಡುಗೆಮನೆ
ಸೋಡಾ ಬೇಡ ತಮ್ಮಾ. ಉಬ್ಬಿ ತೂತು ಬೀಳುತ್ತದೆ, ಈಗಲೇ ಹರಿಯುತ್ತಿರುವುದು ಇನ್ನೂ ಬೇಗ ಹರಿಯುತ್ತದೆ. ಉಬ್ಬಿಸಿದರೆ ಅದು ಪ್ಯಾನ್‌ಕೇಕ್ ಆಯಿತು.

ಅಕ್ಕಾ, ನಿಮಗೆ ಮೊದಲು ಕಾಟ ಕೊಡುತ್ತಿರುವುದು ಆ ಹಂಚೇ. ರೊಟ್ಟಿ ಹಂಚು ಯಾವಾಗಲೂ ಒಣ. ಒಣಹಿಟ್ಟು ಬಿದ್ದು ಸುಟ್ಟಿರುತ್ತದೆ, ನೀರಿನ ಅರಿವೆ ತಾಗಿರುತ್ತದೆ, ಎಣ್ಣೆ ಕಂಡಿರಲ್ಲ. ಅದರ ಮೇಲೆ ಹಾಲಿನ ಹಿಟ್ಟು ಹುಯ್ದರೆ ಅಂಟದೆ ಇನ್ನೇನು ಮಾಡುತ್ತೆ? ನಡುವೆ ಸ್ವಲ್ಪ ತಗ್ಗು ಇದ್ದರಂತೂ ಹಿಟ್ಟೆಲ್ಲ ಅಲ್ಲೇ ನಿಂತು ನಡು ದಪ್ಪ, ಅಂಚು ಕರಿ. ಎಂಟೊಂಬತ್ತು ಇಂಚಿನ ಸಪಾಟಾದ ನಾನ್‌ಸ್ಟಿಕ್ ತವಾ ಇದ್ದರೆ ಅದನ್ನೇ ಇಡಿ.

ಇನ್ನು ಬಿಸಿ. ರೊಟ್ಟಿಗೆ ಕಾಯಿಸಿದಷ್ಟು ಇದಕ್ಕೆ ಬೇಡ. ನೀರು ಚಿಮುಕಿಸಿದಾಗ ಹನಿ ಗುಂಡಗಾಗಿ ಓಡಾಡಿದರೆ ಜಾಸ್ತಿ ಕಾದಿದೆ ಅಂತ ಅರ್ಥ, ಉರಿ ತಗ್ಗಿಸಿ ಸ್ವಲ್ಪ ಬಿಡಿ. ಹನಿ ಇದ್ದಲ್ಲೇ ಚುಯ್ ಅಂತ ಆರಿದರೆ ಸರಿ. ಬೆಣ್ಣೆ ಸವರಿ, ತವಾವನ್ನು ಒಂದು ಕೈಯಲ್ಲಿ ಉರಿಯಿಂದ ಎತ್ತಿ ಹಿಡಿದು, ಕಾಲು ಕಪ್ ಹಿಟ್ಟು ನಡುವೆ ಹುಯ್ದು ತಕ್ಷಣ ಮಣಿಕಟ್ಟು ತಿರುಗಿಸಿ. ಹಿಟ್ಟು ತಾನೇ ಓಡಿ ಅಂಚು ಮುಟ್ಟಬೇಕು. ಇದಕ್ಕೆ ಸೌಟು ತಾಗಿಸಲೇಬೇಡಿ, ದೋಸೆಯ ಕೈ ಇಲ್ಲಿ ನಡೆಯಲ್ಲ. ಒಂದು ನಿಮಿಷದಲ್ಲಿ ಅಂಚು ತಾನಾಗಿ ಮೇಲೇಳುತ್ತದೆ, ಆಗ ಮಗುಚಿ. ಏಳುವ ಮೊದಲೇ ಕೈ ಹಾಕಿದರೆ ಹರಿಯುವುದು ಗ್ಯಾರಂಟಿ. ಎರಡನೇ ಮಗ್ಗಲಿಗೆ ಅರ್ಧ ನಿಮಿಷ ಸಾಕು.

ಮೂರು ಚಮಚ ಬೆಲ್ಲ ಹಿಟ್ಟಿಗೆ ತೀರಾ ಜಾಸ್ತಿ, ಅದೇ ಮೊದಲು ಕರಿಯಾಗಿ ಅಂಟುವುದು. ಹಿಟ್ಟಿಗೆ ಒಂದು ಚಮಚ ಸಕ್ಕರೆ ಹಾಕಿ, ಮಿಕ್ಕ ಸಿಹಿ ಒಳಗಿರಲಿ.

ತೊಗರಿನಾಡು (ಕಲಬುರಗಿ)
ಅಯ್ಯೋ, ನಾನು ಹಂಚನ್ನು ಹೊಗೆ ಬರುವಷ್ಟು ಕಾಯಿಸಿದ್ದೆ ರೀ. ಜೋಳದ ಹಿಟ್ಟು ಬಿಡಲೇಬೇಕಾ?

ಬೀದರ್ ಅಡುಗೆಮನೆ
ಮೊಟ್ಟೆ ಇಲ್ಲದಿದ್ದಾಗ ಕ್ರೇಪನ್ನು ಹಿಡಿದಿಡುವುದು ಮುಖ್ಯವಾಗಿ ಮೈದಾದ ಅಂಟೇ. ಜೋಳದಲ್ಲಿ ಆ ಅಂಟಿಲ್ಲ. ನಿಮಗೇ ಗೊತ್ತಲ್ಲ, ರೊಟ್ಟಿಗೆ ಕುದಿಯುವ ನೀರು ಹಾಕಿ ನಾದಿದರೆ ತಾನೇ ಜಿಗಿ ಬರುವುದು, ತಣ್ಣೀರಲ್ಲಿ ಕಲಸಿದರೆ ಬಡಿಯುವಾಗಲೇ ಬಿರಿಯುತ್ತದೆ. ನೀವು ಅದನ್ನು ತಣ್ಣನೆ ಹಾಲಲ್ಲಿ ಕದಡಿದ್ದೀರಿ, ಜಿಗಿ ಎಲ್ಲಿಂದ ಬರಬೇಕು? ಕೈ ಕುದುರುವ ತನಕ ಪೂರ್ತಿ ಮೈದಾ ಹಾಕಿ. ಆಮೇಲೆ ಬೇಕಿದ್ದರೆ ಎರಡು ಚಮಚ ಜೋಳ ಸೇರಿಸಿ.

ನಾನು ಹಾಕುವುದು: ಒಂದು ಕಪ್ ಮೈದಾ, ಒಂದು ಕಪ್ ಹಾಲು, ಸುಮಾರು ಅರ್ಧ ಕಪ್ ನೀರು, ಒಂದೂವರೆ ಚಮಚ ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು, ಆ ಒಂದು ಚಮಚ ಸಕ್ಕರೆ. ಮೊದಲು ಸ್ವಲ್ಪ ಹಾಲಲ್ಲಿ ಗಟ್ಟಿಯಾಗಿ ಕಲಸಿ ಗಂಟು ಒಡೆಯಿರಿ, ಆಮೇಲೆ ಮಿಕ್ಕದ್ದು ಹುಯ್ಯಿರಿ. ಮಿಕ್ಸಿಯಲ್ಲಿ ಜಾಸ್ತಿ ತಿರುವಿದರೆ ರಬ್ಬರಿನಂತೆ ಎಳೆಯುತ್ತದೆ. ಕಲಸಿ ಕನಿಷ್ಠ ಅರ್ಧ ಗಂಟೆ ಬಿಡಿ, ಹಿಟ್ಟು ಹಾಲು ಕುಡಿದು ಅಂಟು ಸಡಿಲವಾಗುತ್ತದೆ. ನಮ್ಮ ಕಡೆ ಬಿಸಿಲಿಗೆ ಹೊರಗಿಟ್ಟರೆ ಹಾಲು ಕೆಡುತ್ತದೆ, ಫ್ರಿಜ್ಜಲ್ಲೇ ಇಡಿ. ತೆಗೆದಾಗ ಗಟ್ಟಿಯಾಗಿರುತ್ತದೆ, ಮತ್ತೆರಡು ಚಮಚ ನೀರು ಹಾಕಿ. ಸೌಟಿನಿಂದ ಎತ್ತಿ ಬಿಟ್ಟರೆ ಮಜ್ಜಿಗೆಗಿಂತ ಸ್ವಲ್ಪ ದಪ್ಪಗೆ, ಧಾರೆ ಕಡಿಯದೆ ಬೀಳಬೇಕು.

ಹಸಿವಿನ ಹುಡುಗಿ
ಫ್ರಾನ್ಸಿನ ಬ್ರಿಟನಿ ಕಡೆ ಕುಟ್ಟು (ಬಕ್‌ವೀಟ್) ಹಿಟ್ಟಲ್ಲಿ ಮಾಡುತ್ತಾರಲ್ಲಾ? ಅದರಲ್ಲೂ ಅಂಟಿಲ್ಲ ಅಲ್ವಾ?

ಬೀದರ್ ಅಡುಗೆಮನೆ
ಮಾಡುತ್ತಾರೆ, ಅದಕ್ಕೆ ಗ್ಯಾಲೆಟ್ ಅನ್ನುತ್ತಾರೆ. ಹೆಚ್ಚಾಗಿ ಉಪ್ಪು ರುಚಿಯ ಹೂರಣಕ್ಕೆ. ಸಿಹಿ ಕ್ರೇಪಿಗೆ ಅವರದೂ ಗೋಧಿಯ ಹಿಟ್ಟೇ. ಫೆಬ್ರವರಿ 2ರಂದು ಅಲ್ಲಿ ಮನೆಮನೆಯಲ್ಲಿ ಕ್ರೇಪ್ ಮಾಡುವ ಪದ್ಧತಿ ಇದೆ, ಮೊದಲನೆಯದು ಕೆಡುತ್ತದೆ ಅನ್ನುವ ಮಾತೂ ಅವರಲ್ಲಿದೆ. ನಮ್ಮ ಮೊದಲ ದೋಸೆಯ ಕಥೆಯೇ.

ಸಿಹಿ ಅಂಗಡಿ ಪಕ್ಕದ ಮನೆ
ಕಹಿಯ ಬಗ್ಗೆ ಯಾರೂ ಹೇಳಲೇ ಇಲ್ಲ. ಸೀತಾಫಲ ಕುದಿಸಬಾರದು ತಾಯಿ! ಬಿಸಿಗೆ ಅದರ ತಿರುಳು ಕಹಿಯಾಗುತ್ತದೆ, ಬಣ್ಣವೂ ಕೆಡುತ್ತದೆ. ಸೀತಾಫಲ ಬಾಸುಂದಿಗೂ ಹಾಲು ಆರಿದ ಮೇಲೆಯೇ ಹಣ್ಣು ಹಾಕುವುದು, ಗಮನಿಸಿದ್ದೀರಾ? ಶ್ರೀಖಂಡಕ್ಕೆ ಮಾಡುವ ಹಾಗೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೇತುಹಾಕಿ. ಆ ಚಕ್ಕಾಗೆ ಸಕ್ಕರೆ, ಬೀಜ ತೆಗೆದ ತಿರುಳು, ಏಲಕ್ಕಿ ಹಾಕಿ ಕೈಯಲ್ಲೇ ಕಲಸಿ. ಮಿಕ್ಸಿಗೆ ಹಾಕಬೇಡಿ, ಒಂದು ಬೀಜ ಉಳಿದಿದ್ದರೂ ಅರೆದು ಹೋಗುತ್ತದೆ, ಅದು ಹೊಟ್ಟೆಗೆ ಹೋಗಬಾರದು. ಆರಿದ ಕ್ರೇಪಿಗೆ ತುಂಬಿ.

ಹೆಚ್ಚಿದ ಹಣ್ಣಿಗೆ ಸಕ್ಕರೆ ಬಿದ್ದರೆ ನೀರು ಬಿಡುವುದೇ. ಪಪ್ಪಾಯಿ ಸುಮ್ನೆ ಬಿಡಿ. ಸ್ವಲ್ಪ ಗಟ್ಟಿ ಇರುವ ಬಾಳೆಹಣ್ಣು ದಪ್ಪಗೆ ಹೆಚ್ಚಿ, ಬೆಣ್ಣೆಯಲ್ಲಿ ಜೋರು ಉರಿಗೆ ಒಂದೆರಡು ನಿಮಿಷ, ಬೆಲ್ಲ ಕೊನೆಗೆ. ಆರಿದ ಮೇಲೆ, ತಿನ್ನುವ ಹೊತ್ತಿಗೆ ತುಂಬಿ.

ತೊಗರಿನಾಡು (ಕಲಬುರಗಿ)
ಇವತ್ತು ಮಾಡಿದೆ! ಎಂಟರಲ್ಲಿ ಮೊದಲನೆಯದು ಮುದ್ದೆಯಾಯಿತು, ಮೂರನೆಯದು ನನ್ನ ಅವಸರಕ್ಕೆ ಹರಿಯಿತು, ಮಿಕ್ಕ ಆರೂ ಎದ್ದವು. ಅಂಚು ತಾನಾಗಿ ಏಳುವ ತನಕ ಕೈ ಕಟ್ಟಿ ನಿಲ್ಲುವುದೇ ಕಷ್ಟ ರೀ. ಹಿಂಬದಿಯಲ್ಲಿ ಕಸೂತಿ ಹಾಗೆ ಕಂದು ಬಲೆ ಬಂದಿತ್ತು. ಎದ್ದವುಗಳಲ್ಲಿ ಮೊದಲ ಎರಡನ್ನು ತಟ್ಟೆಯಲ್ಲಿ ತೆರೆದಿಟ್ಟೆ, ಖಡಕ್ ರೊಟ್ಟಿ ಆದವು. ಆಮೇಲಿನವನ್ನು ಅರಿವೆ ಮುಚ್ಚಿ ಬುಟ್ಟಿಯಲ್ಲಿಟ್ಟೆ, ಮೆತ್ತಗೇ ಇದ್ದವು. ಸೀತಾಫಲದ್ದು ಕಹಿ ಇಲ್ಲ, ಮಗಳು ಮೂರು ತಿಂದಳು.

ಅತ್ತೆ ಮಾತ್ರ ಸಿಹಿ ಬೇಡ ಅಂತ ಖಡಕ್ ಆದದ್ದನ್ನೇ ಎತ್ತಿಕೊಂಡು, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು ಹಾಕಿಕೊಂಡು ತಿಂದರು. ಇನ್ನೊಂದು ಇದೆಯಾ ಅಂತ ಕೇಳಿದರು ಕೂಡ.