ಸಹಾಯ ಬೇಕು: ಟೆಲಿಕಾಂ ಎಂ.ಟೆಕ್ ಬಗ್ಗೆ ಗೊತ್ತಿರುವವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವ, ಇಸಿ (ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಶನ್) ಬ್ರಾಂಚಲ್ಲಿ ಬಿಇ ಮುಗಿಸಿ 3 ವರ್ಷ ಆಯ್ತು, ಈಗ ಕಾರ್ಕಳ ಹೆಬ್ರಿ ಸೈಡಲ್ಲಿ ಮೊಬೈಲ್ ಟವರ್ ಮೇಂಟೆನೆನ್ಸ್ ಕೆಲಸ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬ್ಯಾಟರಿ ಡೌನ್ ಆದ್ರೆ ಇಡೀ ಊರಿಗೆ ಸಿಗ್ನಲ್ ಇಲ್ಲ, ಮೊನ್ನೆ ಒಬ್ರು ಅಜ್ಜಿ ಮಗನಿಗೆ ಫೋನ್ ಮಾಡ್ಲಿಕ್ಕೆ ಆಗದೆ ಟವರ್ ಹತ್ರವೇ ಬಂದು ಕಾಯ್ತಾ ಕೂತಿದ್ರು, ನೋಡಿ ತುಂಬಾ ಬೇಜಾರಾಯ್ತು. ರಿಪೇರಿ ನಂಗೆ ಬರ್ತದೆ, ಆದ್ರೆ ಎಲ್ಲಿ ಬ್ಯಾಟರಿ ಜಾಸ್ತಿ ಹಾಕ್ಬೇಕು, ಎಲ್ಲಿಗೆ ಫೈಬರ್ ಎಳೀಬೇಕು, ಅದಕ್ಕೆ ಎಷ್ಟು ದುಡ್ಡು ಅಂತ ಡಿಸೈಡ್ ಮಾಡುವವ್ರು ಬೇರೆ. ಆ ಕೆಲಸ ಕಲೀಬೇಕು ಅಂತ ನಂಗೆ ಆಸೆ.

ದಿಲ್ಲಿ ಐಐಟಿಯ ಭಾರ್ತಿ ಸ್ಕೂಲಲ್ಲಿ ಟೆಲಿಕಮ್ಯುನಿಕೇಶನ್ ಟೆಕ್ನಾಲಜಿ ಆಂಡ್ ಮ್ಯಾನೇಜ್‌ಮೆಂಟ್ ಅಂತ ಎಂ.ಟೆಕ್ ಉಂಟು, ಎರಡೂ ಒಂದೇ ಕೋರ್ಸಲ್ಲಿ, ನಂಗೆ ಬೇಕಾದ್ದು ಅದೇ. ಸುರತ್ಕಲ್ ಎನ್‌ಐಟಿಕೆಯಲ್ಲಿ ಕಮ್ಯುನಿಕೇಶನ್ ಎಂಜಿನಿಯರಿಂಗ್ ಆಂಡ್ ನೆಟ್‌ವರ್ಕ್ಸ್ ಉಂಟು, ಮನೆಗೆ ಹತ್ರ, ಅಮ್ಮ ಒಬ್ರೇ ಇರುದು ಹಾಗಾಗಿ ಅದೂ ಯೋಚನೆ, ಆದ್ರೆ ಅದು ಟೆಕ್ನಿಕಲ್ ಮಾತ್ರ. ಪುಣೆ ಸಿಂಬಯೋಸಿಸಲ್ಲಿ ಟೆಲಿಕಾಂ ಎಂಬಿಎ ಉಂಟು, ಫೀಸ್ ನಮ್ಮಿಂದ ಆಗ್ಲಿಕ್ಕಿಲ್ಲ. ಗೇಟ್ (ಎಂ.ಟೆಕ್ ಸೇರ್ಲಿಕ್ಕೆ ಇರುವ ಎಂಟ್ರೆನ್ಸ್ ಪರೀಕ್ಷೆ) ಬರ್ದು ಎಂ.ಟೆಕ್ ಸೇರಿದ್ರೆ ತಿಂಗಳಿಗೆ 12,400 ಸ್ಟೈಪೆಂಡ್ ಸಿಗ್ತದೆ, ಅದೇ ಧೈರ್ಯ.

ಗೇಟ್ ಸ್ಕೋರ್ 3 ವರ್ಷ ನಡೀತದೆ, ಹಾಗಾದ್ರೆ ಕೆಲಸ ಬಿಡದೆ ಈ ಸಲ ಬರೀಬಹುದಾ? ಗೇಟಿಗೆ ಬೇಕಾದ ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಪೂರಾ ಮರ್ತು ಹೋಗಿದೆ, ಎಲ್ಲಿಂದ ಶುರು ಮಾಡುದು? ದಿಲ್ಲಿ ಕೋರ್ಸ್ ಮಾಡಿದವ್ರು ಇದ್ರೆ ನೆಟ್‌ವರ್ಕ್ ಪ್ಲಾನಿಂಗ್ ಕೆಲಸ ನಿಜವಾಗಿ ಸಿಗ್ತದಾ, ಇಲ್ಲ ಎಲ್ಲರೂ ಸಾಫ್ಟ್‌ವೇರಿಗೇ ಹೋಗುದಾ ಹೇಳಿ. ಮಂಗಳೂರಲ್ಲಿ ಆದಿತ್ಯವಾರ ಒಟ್ಟಿಗೆ ಕೂತು ಓದುವವರು ಇದ್ರೂ ತಿಳಿಸಿ, ನಾನು ಬರ್ತೇನೆ.