ಹ್ಯಾಮ್ ರೇಡಿಯೋ ಕಾಂಟೆಸ್ಟ್‌ಗೆ ಇಳಿಯೋಕೆ ಭಯ, ಎಲ್ಲಿಂದ ಶುರು ಮಾಡ್ಲಿ?

ಹೊಸಹ್ಯಾಮ್: ಲೈಸೆನ್ಸ್ ಬಂದು ಮೂರು ತಿಂಗಳಾಯ್ತು, 100 ವ್ಯಾಟ್ ರಿಗ್ (ರೇಡಿಯೋ ಸೆಟ್), ಒಂದು ಡೈಪೋಲ್ ಆಂಟೆನಾ, ಅಷ್ಟೇ ಇರೋದು. ಅಕ್ಟೋಬರ್ ಕೊನೇಲಿ ಬರೋ ಸಿಕ್ಯೂ ವರ್ಲ್ಡ್‌ವೈಡ್ ಎಸ್‌ಎಸ್‌ಬಿಗೆ (ಮೈಕಲ್ಲಿ ಮಾತಾಡಿ ಆದಷ್ಟು ಸ್ಟೇಷನ್ ಹಿಡಿಯೋ ಕಾಂಟೆಸ್ಟ್) ಇಳಿಯೋಣ ಅಂತ, ಆದ್ರೆ ಕಾಂಟೆಸ್ಟ್‌ನೋರ ಸ್ಪೀಡ್ ಕೇಳಿದ್ರೆ ಮೈಕ್ ಬಟನ್ ಒತ್ತೋಕೇ ಕೈ ಬರಲ್ಲ. ಏನ್ ಮಾಡ್ಲಿ?

ಡೈಪೋಲ್‌ದಾಸ: ಮೊದ್ಲೇ ನೀವು ಸಿಕ್ಯೂ (ಯಾರಾದ್ರೂ ಉತ್ತರ ಕೊಡಿ ಅನ್ನೋ ಕರೆ) ಕರೆಯೋಕೆ ಹೋಗ್ಬೇಡಿ. ನಿಧಾನಕ್ಕೆ ಡಯಲ್ ತಿರುಗಿಸ್ತಾ ಹೋಗಿ, ಕರೀತಿರೋರ ಕಾಲ್‌ಸೈನ್ (ಸ್ಟೇಷನ್ ಗುರುತು), ಝೋನ್ (ಜಗತ್ತಿನ ಯಾವ ಭಾಗ ಅನ್ನೋ ನಂಬರ್) ಎರಡೂ ಕೇಳಿ ಬರ್ಕೊಂಡು, ಅವ್ರು ನಿಲ್ಲಿಸಿದ ತಕ್ಷಣ ನಿಮ್ಮ ಪೂರ್ತಿ ಕಾಲ್‌ಸೈನ್ ಒಂದೇ ಸಲ ಹೇಳಿ ಸುಮ್ನಾಗಿ. ಅವ್ರು "ಫೈವ್ ನೈನ್" (59, ಅಂದ್ರೆ ಸಿಗ್ನಲ್ ಚೆನ್ನಾಗಿದೆ) ಅಂತ ಹೇಳಿ ಝೋನ್ ಕೊಡ್ತಾರೆ, ನೀವೂ ಹಂಗೇ ನಿಮ್ಮ ಝೋನ್ ಕೊಡಿ, ಮುಗೀತು. ಸಿಗ್ನಲ್ ಸಾಯ್ತಾ ಇದ್ರೂ ಎಲ್ರೂ 59 ಅಂತಾನೇ ಹೇಳೋದು, ಅದೊಂದು ತಮಾಷೆ 😄

ರಾತ್ರಿಗೂಬೆ: ಭಾನುವಾರ ಬನ್ನಿ. 48 ಗಂಟೆ ಆಟದಲ್ಲಿ ಅಷ್ಟೊತ್ತಿಗೆ ದೊಡ್ಡ ಸ್ಟೇಷನ್‌ನೋರು ಹೊಸ ಕಾಲ್‌ಸೈನ್ ಸಿಗ್ದೆ ಕಾಯ್ತಿರ್ತಾರೆ, ನಿಮ್ಮ ಸಣ್ಣ ಸಿಗ್ನಲ್ಲನ್ನೂ ಕಷ್ಟಪಟ್ಟು ಹೆಕ್ಕಿ ತೆಗೀತಾರೆ. ಆಮೇಲೆ ಕಂಪ್ಯೂಟರ್ ಗಡಿಯಾರ ಯುಟಿಸಿಯಲ್ಲಿ (ಜಾಗತಿಕ ಸಮಯ) ಇದ್ಯಾ ನೋಡ್ಕೊಳ್ಳಿ, ನಾನು ಮೊದಲ ಸಲ ಲೋಕಲ್ ಟೈಮಲ್ಲೇ ಲಾಗ್ (ಕಾಂಟ್ಯಾಕ್ಟ್‌ಗಳ ಪಟ್ಟಿ) ಬರೆದು ಆಮೇಲೆ 23 ಕಾಂಟ್ಯಾಕ್ಟನ್ನೂ ಒಂದೊಂದಾಗಿ ತಿದ್ತಾ ಕೂತಿದ್ದೆ.

ಹೊಸಹ್ಯಾಮ್: ಒಂದೇ ಸ್ಟೇಷನ್ ಎರಡು ಸಲ ಆಗೋದ್ರೆ ಪಾಯಿಂಟ್ ಕಟ್ ಆಗುತ್ತಾ?

ಡೈಪೋಲ್‌ದಾಸ: ಅದೇ ಬ್ಯಾಂಡಲ್ಲಾದ್ರೆ (ಅದೇ ಫ್ರೀಕ್ವೆನ್ಸಿ ಪಟ್ಟಿಯಲ್ಲಿ) ಡ್ಯೂಪ್, ಅಂದ್ರೆ ಡೂಪ್ಲಿಕೇಟ್, ಪಾಯಿಂಟ್ ಸಿಗಲ್ಲ, ದಂಡಾನೂ ಇಲ್ಲ, ಲಾಗಿಂದ ಅಳಿಸ್ಬೇಡಿ. ಬೇರೆ ಬ್ಯಾಂಡಲ್ಲಿ ಸಿಕ್ರೆ ಮತ್ತೆ ಲೆಕ್ಕಕ್ಕೆ ಬರುತ್ತೆ. ಹತ್ತೇ ಕಾಂಟ್ಯಾಕ್ಟ್ ಆದ್ರೂ ಕ್ಯಾಬ್ರಿಲೋ (ಕಾಂಟೆಸ್ಟ್ ಲಾಗ್ ಫಾರ್ಮ್ಯಾಟ್) ಫೈಲ್ ಮಾಡಿ ಲಾಗ್ ಕಳ್ಸಿ, ಲೇಟ್ ಮಾಡ್ಬೇಡಿ, ಗಡುವು ಐದೇ ದಿನ.