ನಮ್ಮ ಡೊಮೈನ್ ಹೆಸರಲ್ಲಿ ಸುಳ್ಳು ಬಿಲ್: ಡಿಮಾರ್ಕ್ ‘ರಿಜೆಕ್ಟ್’ಗೆ ಹಾಕಲಾ?

ಬ್ಯಾಡಗಿ_ಕಡ್ಡಿ
ನಮಸ್ಕಾರ್ರೀ. ನಮ್ಮದು ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಹೊರಗಿನ ಮಸಾಲೆ ಪಾರ್ಟಿಯೊಬ್ಬರಿಗೆ ನಮ್ಮ ಹೆಸರಲ್ಲಿ ಮೇಲ್ ಹೋಗಿದೆ. ಬಿಲ್ ನಮ್ಮದೇ ತರ, ಬ್ಯಾಂಕ್ ಖಾತೆ ಮಾತ್ರ ಬೇರೆ. ಅವರು ಫೋನ್ ಮಾಡಿ ಕೇಳಿದ್ದಕ್ಕೆ ದುಡ್ಡು ಉಳಿಯಿತು. ಡಿಮಾರ್ಕ್ (ನಮ್ಮ ಡೊಮೈನ್ ಹೆಸರಲ್ಲಿ ಬರುವ ಸುಳ್ಳು ಮೇಲನ್ನು ಏನು ಮಾಡಬೇಕು ಅಂತ ಪಡೆಯುವ ಸರ್ವರ್‌ಗೆ ಹೇಳುವ ಸೆಟ್ಟಿಂಗ್) ಸದ್ಯ ‘ನನ್’ (none, ಏನೂ ಮಾಡಬೇಡ) ಇದೆ. ಇವತ್ತೇ ‘ರಿಜೆಕ್ಟ್’ (ಅಂಥ ಮೇಲ್ ತಗೊಳ್ಳಲೇಬೇಡ) ಮಾಡಿಬಿಡಲಾ? ನಮ್ಮ ಮೇಲ್ ಹೋಗುವುದು ಗೂಗಲ್ ವರ್ಕ್‌ಸ್ಪೇಸ್, ಬಿಲ್ಲಿಂಗ್ ಸಾಫ್ಟ್‌ವೇರ್, ವೆಬ್‌ಸೈಟ್ ಫಾರ್ಮ್ ಮೂರರಿಂದ. ಸೀಸನ್ ಜೋರಿದೆ, ಒಂದು ಬಿಲ್ ತಪ್ಪಿದರೂ ಕಷ್ಟ.

ವಿದ್ಯಾನಗರ_ಹುಬ್ಬಳ್ಳಿ
ಅವಸರ ಬೇಡ ಸರ್. ಮೊದಲು ಪಾರ್ಟಿಗೆ ಹೇಳಿ ಆ ಮೇಲ್‌ನ ಹೆಡರ್ (ಅದು ಎಲ್ಲಿಂದ ಬಂತು ಅಂತ ತೋರಿಸುವ ತಾಂತ್ರಿಕ ಸಾಲುಗಳು) ತರಿಸಿ. ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಸಿಗುತ್ತದೆ. ಸುಮ್ನೆ ಫಾರ್ವರ್ಡ್ ಮಾಡಿಸಿದರೆ ಅದು ಬರುವುದಿಲ್ಲ. ಡೊಮೈನ್‌ನಲ್ಲಿ ಒಂದಕ್ಷರ ಬೇರೆ ಇದ್ದರೆ ನಿಮ್ಮ ಡಿಮಾರ್ಕ್ ಅದನ್ನು ತಡೆಯುವುದಿಲ್ಲ. ಡೊಮೈನ್ ನಿಮ್ಮದೇ ಆಗಿದ್ದು ಡಿಮಾರ್ಕ್ ‘ಪಾಸ್’ ಅಂತಿದ್ದರೆ ಇನ್ನೂ ಕೆಟ್ಟದ್ದು. ಯಾರೋ ನಿಮ್ಮ ಖಾತೆಯೊಳಗೇ ಕೂತಿರಬಹುದು. ಪಾಸ್‌ವರ್ಡ್ ಬದಲಿಸಿ, ಫಾರ್ವರ್ಡಿಂಗ್ ರೂಲ್ ನೋಡಿ.

‘ಫೇಲ್’ ಇದ್ದರೆ ಮಾತ್ರ ‘ರಿಜೆಕ್ಟ್’ನಿಂದ ಲಾಭ. ‘ನನ್’ ಬರೀ ವರದಿ ಕೊಡುತ್ತದೆ, ಏನನ್ನೂ ತಡೆಯುವುದಿಲ್ಲ. ಆದರೆ ಆ ವರದಿಯೇ ಈಗ ನಿಮಗೆ ಬೇಕಾದದ್ದು. ಡಿಮಾರ್ಕ್ ರೆಕಾರ್ಡಿನಲ್ಲಿ ‘ಆರ್‌ಯುಎ’ (ವರದಿ ಬರಬೇಕಾದ) ವಿಳಾಸ ಹಾಕಿ, ಎರಡು ವಾರ ನೋಡಿ. ನಿಮ್ಮ ಹೆಸರಲ್ಲಿ ಯಾವ ಸರ್ವರ್ ಎಷ್ಟು ಮೇಲ್ ಕಳಿಸಿದೆ ಅಂತ ಎಕ್ಸ್‌ಎಂಎಲ್ ಫೈಲ್ ಬರುತ್ತದೆ. ಮೇಲ್ ಹೋಗುವ ಮೂರೂ ಕಡೆ ನಿಮ್ಮ ಡೊಮೈನಿನ ಡಿಕಿಮ್ (ಮೇಲ್ ಜೊತೆಗೇ ಹೋಗುವ ಡಿಜಿಟಲ್) ಸಹಿ ಇರಲಿ. ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಒಂದನ್ನೇ ನಂಬಬೇಡಿ. ದಲಾಲರು ಬಿಲ್ಲನ್ನು ಆಟೋ ಫಾರ್ವರ್ಡ್‌ಗೆ ಹಾಕಿದ್ದರೆ ಎಸ್‌ಪಿಎಫ್ ಅಲ್ಲೇ ಮುರಿಯುತ್ತದೆ. ಡಿಕಿಮ್ ಸಾಮಾನ್ಯವಾಗಿ ಉಳಿಯುತ್ತದೆ.

ಗದಗ_ಪ್ರೆಸ್
ವರದಿ ಸ್ವಚ್ಛ ಬಂದ ಮೇಲೆ ‘ಕ್ವಾರಂಟೈನ್’ನಲ್ಲಿ (ಫೇಲ್ ಆದ ಮೇಲನ್ನು ಸ್ಪ್ಯಾಮ್‌ಗೆ ಹಾಕುವ ನಡುವಿನ ಹಂತ) ಜಾಸ್ತಿ ದಿನ ನಿಲ್ಲಬೇಡಿ. ನಿಜವಾದ ಬಿಲ್ ಸ್ಪ್ಯಾಮ್‌ನಲ್ಲಿ ಬಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ‘ರಿಜೆಕ್ಟ್’ ಆದರೆ ಸಾಮಾನ್ಯವಾಗಿ ಬೌನ್ಸ್ (ಮೇಲ್ ತಲುಪಲಿಲ್ಲ ಅಂತ ವಾಪಸ್ ಸಂದೇಶ) ಬರುತ್ತದೆ, ಆ ಕ್ಷಣ ಫೋನ್ ಮಾಡಬಹುದು. ಮೇಲ್ ಕಳಿಸದ ಬೇರೆ ಡೊಮೈನ್ ಇದ್ದರೆ ಅದನ್ನು ಇವತ್ತೇ ‘ರಿಜೆಕ್ಟ್’ಗೆ ಹಾಕಿ.

ಬ್ಯಾಡಗಿ_ಕಡ್ಡಿ
ಹೆಡರ್ ಬಂತು ಸರ್. ಡೊಮೈನ್ ನಮ್ಮದೇ, ಡಿಮಾರ್ಕ್ ‘ಫೇಲ್’. ಬಿಲ್ಲಿಂಗ್‌ನವರು ಡಿಕಿಮ್ ಕೀ ಕೊಟ್ಟಿದ್ದಾರೆ. ವೆಬ್‌ಸೈಟ್ ಫಾರ್ಮ್ ಮಾತ್ರ ಹೋಸ್ಟಿಂಗ್ ಸರ್ವರ್‌ನಿಂದಲೇ ಹೋಗುತ್ತಿದೆ, ಅಲ್ಲಿ ಡಿಕಿಮ್ ಇಲ್ಲ.

ವಿದ್ಯಾನಗರ_ಹುಬ್ಬಳ್ಳಿ
ಫಾರ್ಮಿನ ಮೇಲನ್ನು ವರ್ಕ್‌ಸ್ಪೇಸ್‌ನ ಎಸ್‌ಎಂಟಿಪಿ (ಮೇಲ್ ಕಳಿಸುವ ಸರ್ವರ್) ಮೂಲಕ ಕಳಿಸಿ, ಅಲ್ಲಿನ ಡಿಕಿಮ್ ಸಹಿಯೇ ಬೀಳುತ್ತದೆ. ಪಾರ್ಟಿಗಳಿಗೆಲ್ಲ ಇವತ್ತೇ ಒಂದು ಫೋನ್ ಮಾಡಿ: ಖಾತೆ ನಂಬರ್ ಬದಲಾಗಿದೆ ಅಂತ ಮೇಲ್ ಬಂದರೆ ಕೇಳದೆ ದುಡ್ಡು ಹಾಕಬೇಡಿ ಅಂತ.